ಎರಡು ನಿಮಿಷಕ್ಕೆ ಒಂದು ಮೊಟ್ಟೆ

ನಂಜನಗೂಡು ಎಂದರೆ ಶ್ರೀಕಂಠೇಶ್ವರ, ರಸಬಾಳೆ, ಹಲ್ಲುಪುಡಿ. ಈ ಸಾಲಿಗೆ ನೂಡಲ್ಸನ್ನೂ ಸೇರಿಸಿ ಎಂದರೆ ಆ ಊರಿನವರು ನಗುತ್ತಾರೆ. ನಕ್ಕರೂ ಸೇರಿಸಲೇಬೇಕು. ನೆಸ್ಲೆ ಕಂಪನಿಯ ಕಾರ್ಖಾನೆ ಅಲ್ಲಿ ಶುರುವಾದದ್ದು 1989ರಲ್ಲಿ. ಕಾಫಿಪುಡಿಯ ಜೊತೆಗೆ ಮ್ಯಾಗಿಯೂ ಅಲ್ಲಿ ತಯಾರಾಗುತ್ತದೆ. ನಾನಿರುವುದು ಮೈಸೂರಿನಲ್ಲಿ. ಬೆಳಿಗ್ಗೆ ಒಲೆಯ ಮೇಲೆ ನೀರಿಟ್ಟು ಹಳದಿ ಪ್ಯಾಕೆಟ್ ಹರಿಯುವಾಗ ಇದು ಪರದೇಶದ ತಿಂಡಿ ಎಂದು ನನಗೆ ಅನ್ನಿಸಿದ್ದೇ ಇಲ್ಲ.

ಹೆಸರು ಮಾತ್ರ ಪರದೇಶದ್ದು. ಅದು ಒಬ್ಬ ಗಿರಣಿ ಮಾಲೀಕನ ಮನೆತನದ ಹೆಸರು. ಜೂಲಿಯಸ್ ಮ್ಯಾಗಿ ಹುಟ್ಟಿದ್ದು 1846ರಲ್ಲಿ, ಸ್ವಿಟ್ಜರ್ಲೆಂಡಿನಲ್ಲಿ. ಕೆಂಪ್ಟ್‌ಥಾಲ್ ಎಂಬಲ್ಲಿ ಅಪ್ಪನ ಹಿಟ್ಟಿನ ಗಿರಣಿ ಅವನ ಕೈಗೆ ಬಂತು. ಆ ಹೊತ್ತಿಗೆ ಸ್ವಿಸ್ ಹೆಂಗಸರು ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದರು. ಹತ್ತು ಹನ್ನೊಂದು ಗಂಟೆ ಯಂತ್ರದ ಮುಂದೆ ನಿಂತು ಬಂದವಳು ಮತ್ತೆ ಒಲೆ ಹೊತ್ತಿಸಿ ಏನು ಬೇಯಿಸಿಯಾಳು? ಆಲೂಗಡ್ಡೆ, ಕಾಫಿ, ಗಂಡಸರಿಗೆ ಮೇಲೊಂದಿಷ್ಟು ಸಾರಾಯಿ, ಇದೇ ಊಟವಾಯಿತು. ಕಾರ್ಖಾನೆಗಳ ತಪಾಸಣೆ ಮಾಡುತ್ತಿದ್ದ ವೈದ್ಯ ಫ್ರಿಡೊಲಿನ್ ಶೂಲರ್ ಇದನ್ನು ಕಂಡು, ಕಾರ್ಮಿಕರ ಹೊಟ್ಟೆಗೆ ಪ್ರೋಟೀನ್ ಹೋಗುತ್ತಿಲ್ಲ, ಅಗ್ಗವಾಗಿ ಸಿಗುವ ಕಾಳುಗಳನ್ನು ಬೇಗ ಬೇಯುವಂತೆ ಮಾಡಿಕೊಡುವವರು ಬೇಕು ಎಂದ. ಅಲ್ಲಿನ ಜನಹಿತ ಸಂಘವೊಂದು ಆ ಮಾತು ಹಿಡಿದುಕೊಂಡು ಮ್ಯಾಗಿಯ ಬಳಿ ಹೋಯಿತು. ಅವನು ಬಟಾಣಿ, ಬೀನ್ಸ್ ಕಾಳುಗಳನ್ನು ಸಂಸ್ಕರಿಸಿ ಹಿಟ್ಟು ಮಾಡಿದ. ನೀರಿಗೆ ಹಾಕಿ ಕುದಿಸಿದರೆ ಸೂಪ್ ಆಗುವ ಪುಡಿಯನ್ನು 1886ರಲ್ಲಿ ಮಾರುಕಟ್ಟೆಗೆ ತಂದ. ಅದರ ಜೊತೆಜೊತೆಗೇ ರುಚಿ ಕಟ್ಟಿಕೊಡುವ ಕಪ್ಪು ದ್ರವವೊಂದನ್ನೂ ಸೀಸೆಯಲ್ಲಿ ತುಂಬಿಸಿದ. ದೊಡ್ಡ ಹೆಸರು ತಂದದ್ದು ಆ ಸೀಸೆ. ಮುಂದೆ ನಾಟಕಕಾರನೆಂದು ಖ್ಯಾತನಾದ ಫ್ರಾಂಕ್ ವೆಡೆಕಿಂಡ್ ಆಗ ಇದೇ ಕಂಪನಿಗೆ ಜಾಹೀರಾತು ಬರೆದು ಹೊಟ್ಟೆ ಹೊರೆಯುತ್ತಿದ್ದ. ನಮ್ಮ ಟಿವಿಯಲ್ಲಿ ಮುಂದೆ ನಡೆದದ್ದಕ್ಕೆಲ್ಲ ಪೀಠಿಕೆ ಅಲ್ಲೇ ಇತ್ತು ಎನ್ನಿ.

ಜೂಲಿಯಸ್ 1912ರಲ್ಲಿ ತೀರಿಕೊಂಡ. 1947ರಲ್ಲಿ ಅವನ ಕಂಪನಿ ನೆಸ್ಲೆಯೊಳಗೆ ಸೇರಿಹೋಯಿತು. ಇವತ್ತು ನಾವು ಮ್ಯಾಗಿ ಎಂದು ಕರೆಯುವ ಕರಿದ ನೂಡಲ್ಸ್ ಬಿಲ್ಲೆಯನ್ನು ಅವನು ಕಣ್ಣಿಂದಲೂ ಕಂಡವನಲ್ಲ. ಕಾಳಿನಿಂದ ಶುರುವಾದ ಹೆಸರು ಕೊನೆಗೆ ಬಂದು ಕೂತದ್ದು ಮೈದಾದ ಮೇಲೆ. 70 ಗ್ರಾಂ ಪ್ಯಾಕೆಟ್ಟಿನಲ್ಲಿ ಬಹುಪಾಲು ಪಿಷ್ಟ, ಉಳಿದದ್ದರಲ್ಲಿ ಕರಿದ ಎಣ್ಣೆ. ಪ್ರೋಟೀನ್ ಐದಾರು ಗ್ರಾಂ ಇದ್ದರೆ ಹೆಚ್ಚು. ಒಂದು ಕೋಳಿಮೊಟ್ಟೆಯಲ್ಲೂ ಸುಮಾರು 6 ಗ್ರಾಂ ಇರುತ್ತದೆ. ಅಂದರೆ ಕುದಿಯುವ ನೂಡಲ್ಸಿಗೆ ಒಂದು ಮೊಟ್ಟೆ ಒಡೆದು ಹಾಕಿದರೆ ಪ್ರೋಟೀನ್ ಇಮ್ಮಡಿಯಾಯಿತು. ಶೂಲರ್ ವೈದ್ಯ ಕೇಳಿದ್ದು ಅದನ್ನೇ. ಕಂಪನಿ ದಾರಿಯಲ್ಲೆಲ್ಲೋ ಬಿಟ್ಟುಬಂದದ್ದನ್ನು ಮನೆಯ ಹೆಂಗಸರು ಒಲೆಯ ಮುಂದೆ ನಿಂತು ವಾಪಸ್ ಹಾಕಿದರು ಎಂಬುದು ನನ್ನ ವಾದ.

ಇನ್ನು ಆ ಬಿಲ್ಲೆಯ ಕಥೆ. ಅದು ಜಪಾನಿನದು. ಮೊಮೊಫುಕು ಆಂದೋ ಹುಟ್ಟಿದ್ದು 1910ರಲ್ಲಿ, ಆಗ ಜಪಾನಿನ ಕೈಯಲ್ಲಿದ್ದ ತೈವಾನಿನಲ್ಲಿ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಒಸಾಕಾ ನಗರದಲ್ಲಿ ಒಂದು ಬಟ್ಟಲು ಬಿಸಿ ರಾಮೆನ್‌ಗಾಗಿ ಜನ ಚಳಿಯಲ್ಲಿ ಸಾಲುಗಟ್ಟಿ ನಿಂತದ್ದನ್ನು ಕಂಡವನು. ಅಮೆರಿಕದ ಗೋಧಿ ಬಂದು ಬೀಳುತ್ತಿತ್ತು, ಸರ್ಕಾರ ಬ್ರೆಡ್ ತಿನ್ನಿ ಎನ್ನುತ್ತಿತ್ತು. ನೂಡಲ್ಸ್ ತಿನ್ನುವ ಜನಕ್ಕೆ ಬ್ರೆಡ್ ಯಾಕೆ ಎಂಬುದು ಅವನ ಪ್ರಶ್ನೆ. ವ್ಯವಹಾರದಲ್ಲಿ ಎದ್ದು ಬಿದ್ದು, ಕೊನೆಗೆ ಕೈಯಲ್ಲಿದ್ದುದೆಲ್ಲ ಹೋದ ಮೇಲೆ, ಇಕೆದಾ ಎಂಬ ಊರಿನ ತನ್ನ ಮನೆಯ ಹಿತ್ತಿಲ ಶೆಡ್ಡಿನಲ್ಲಿ ಕೂತು ಪ್ರಯೋಗ ಶುರುಮಾಡಿದಾಗ ವಯಸ್ಸು ಐವತ್ತರ ಹತ್ತಿರ. ಬೆಂದ ನೂಡಲ್ಸನ್ನು ತಿಂಗಳುಗಟ್ಟಲೆ ಕೆಡದಂತೆ ಇಡುವುದು ಹೇಗೆ, ಬಿಸಿನೀರು ಬಿದ್ದೊಡನೆ ಅದು ಮತ್ತೆ ಮೆತ್ತಗಾಗುವುದು ಹೇಗೆ? ಹೆಂಡತಿ ಮಸಾಕೊ ಟೆಂಪುರಾ ಕರಿಯುವುದನ್ನು ನೋಡಿ ಉತ್ತರ ಹೊಳೆಯಿತು ಎಂದು ಅವನೇ ಹೇಳಿಕೊಂಡಿದ್ದಾನೆ. (ಇಂಥ ಕಥೆಗಳಲ್ಲಿ ಕರಿಯುವವಳು ಹೆಂಡತಿ, ಹೊಳೆಯುವುದು ಗಂಡನಿಗೆ.) ಬಿಸಿ ಎಣ್ಣೆಗೆ ಬಿದ್ದ ನೂಡಲ್ಸಿನೊಳಗಿನ ನೀರು ಆವಿಯಾಗಿ ಹಾರಿಹೋಗುತ್ತದೆ, ಅದು ಇದ್ದ ಕಡೆಯೆಲ್ಲ ಸಣ್ಣ ಸಣ್ಣ ತೂತು ಉಳಿಯುತ್ತದೆ. ಮುಂದೆ ಬಿಸಿನೀರು ಸುರಿದಾಗ ಅದೇ ತೂತುಗಳಿಂದ ನೀರು ಒಳನುಗ್ಗುತ್ತದೆ. ಗುಟ್ಟು ಇಷ್ಟೇ.

1958ರ ಆಗಸ್ಟ್ 25ರಂದು ‘ಚಿಕನ್ ರಾಮೆನ್’ ಅಂಗಡಿಗೆ ಬಂತು. ಬೆಲೆ 35 ಯೆನ್. ಹಸಿ ಉದೊನ್ ನೂಡಲ್ಸ್ ಆಗ 6 ಯೆನ್‌ಗೆ ಸಿಗುತ್ತಿತ್ತು. ಬಡವರ ಹಸಿವಿಗೆಂದು ಹೊರಟದ್ದು ಉಳ್ಳವರ ಅಂಗಡಿಯಲ್ಲಿ ಇಳಿದಂತಾಯಿತು. ಉತ್ಪಾದನೆ ಹೆಚ್ಚಿದ ಮೇಲೆ ಅಗ್ಗವಾಯಿತೆನ್ನುವುದು ಬೇರೆ ಮಾತು. ನನಗೆ ಕುತೂಹಲ ಹುಟ್ಟಿಸುವುದು 2003ರ ಒಂದು ಚಿಕ್ಕ ಬದಲಾವಣೆ. ಆ ವರ್ಷ ಆಂದೋನ ಕಂಪನಿ ತನ್ನ ಬಿಲ್ಲೆಯ ನಡುವೆ ಒಂದು ಗುಳಿ ಮಾಡಿತು, ಮೊಟ್ಟೆ ಒಡೆದು ಹಾಕಿದರೆ ಜಾರದೆ ಅಲ್ಲೇ ಕೂರಲಿ ಎಂದು. ಮನೆಗಳಲ್ಲಿ ರೂಢಿಯಾಗಿದ್ದುದಕ್ಕೆ ನಲವತ್ತೈದು ವರ್ಷದ ಮೇಲೆ ಕಾರ್ಖಾನೆಯ ಅಚ್ಚು ಜಾಗ ಬಿಟ್ಟುಕೊಟ್ಟಿತು. ಇದೇ ಕಂಪನಿಯ ಟಾಪ್ ರಾಮೆನ್ ನಮ್ಮಲ್ಲಿಗೆ ಬಂದದ್ದು 1991ರಲ್ಲಿ, ಅದರ ಕಾರ್ಖಾನೆ ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ. ಸ್ವಿಸ್ ಹೆಸರು ನಂಜನಗೂಡಿನಲ್ಲಿ, ಜಪಾನಿ ಹೆಸರು ಜಿಗಣಿಯಲ್ಲಿ. ನಮಗೆ ನೂಡಲ್ಸ್ ಹೊಸದೇನಲ್ಲ ಎನ್ನಲು ಇಷ್ಟು ಸಾಕಲ್ಲ!

ನಿಜಕ್ಕೂ ಹೊಸದಲ್ಲ. 1025ರ ಸುಮಾರಿಗೆ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಶಾವಿಗೆ ಮಾಡುವ ಬಗೆಯೂ ಅದನ್ನು ಒತ್ತುವ ಅಚ್ಚೂ ಬರುತ್ತವೆ. ನಾನು ಹುಟ್ಟಿ ಬೆಳೆದದ್ದು ಗದಗಿನ ಕಡೆ. ಅಲ್ಲಿ ಬೇಸಿಗೆಯ ಕೆಲಸವೆಂದರೆ ಹಪ್ಪಳ, ಸಂಡಿಗೆ, ಶಾವಿಗೆ. ಗೋಧಿ ತೋಯಿಸಿ, ಆರಿಸಿ, ಬೀಸಿ, ಜರಡಿ ಹಿಡಿದ ನುಣುಪು ರವೆಯನ್ನು ನಾದಿ ನಾದಿ ಹದಕ್ಕೆ ತರಬೇಕು. ಉದ್ದನೆಯ ಮಣೆಯನ್ನು ಇಳಿಜಾರಾಗಿ ಇಟ್ಟು, ಅಂಗೈಯಲ್ಲಿ ಹೊಸೆಯುತ್ತ ಎಳೆ ಇಳಿಸಬೇಕು. ಒಬ್ಬರು ಹೊಸೆದರೆ ಇನ್ನೊಬ್ಬರು ಎಳೆ ಹಿಡಿದು ಕೋಲಿಗೆ ಹಾಕಬೇಕು. ಇದು ಒಂಟಿ ಹೆಂಗಸಿನ ಕೆಲಸವಲ್ಲ. ಇವತ್ತು ನಮ್ಮ ಮನೆಗೆ ಓಣಿಯವರೆಲ್ಲ ಬಂದರೆ ನಾಳೆ ಅವರ ಮನೆಗೆ ನಮ್ಮ ಅವ್ವ ಹೋಗಬೇಕು, ಮುಯ್ಯಿಗೆ ಮುಯ್ಯಿ. ನಮ್ಮ ಪಾಲಿನ ಕೆಲಸ ಕಾಗೆ ಓಡಿಸುವುದು, ಕದ್ದು ಹಸಿ ಶಾವಿಗೆ ತಿನ್ನುವುದು. ಡಬ್ಬಿ ತುಂಬಿದ ಶಾವಿಗೆ ಹೊರಗೆ ಬರುತ್ತಿದ್ದುದು ಹಬ್ಬಕ್ಕೆ, ಇಲ್ಲವೇ ಅಳಿಯ ಬಂದರೆ. ಕುದಿಸಿ ಬಸಿದು, ಮೇಲೆ ಸಕ್ಕರೆ, ತುಪ್ಪ, ಹಾಲು. ಬೆಳಗಿನ ಅವಸರದ ತಿಂಡಿಯಂತೂ ಅಲ್ಲವೇ ಅಲ್ಲ, ಅಷ್ಟು ಜನರ ಬೆವರು ಸುರಿದದ್ದನ್ನು ಯಾರೂ ಸುಮ್ಮನೆ ಸೋಮವಾರ ಬೆಳಿಗ್ಗೆ ತಿಂದು ಮುಗಿಸುತ್ತಿರಲಿಲ್ಲ. ಆಮೇಲೆ ಕೈಯಿಂದ ತಿರುವುವ ಶಾವಿಗೆ ಮಷೀನು ಬಂತು, ಆಮೇಲೆ ಗಿರಣಿ, ಆಮೇಲೆ ಪ್ಯಾಕೆಟ್.

ಮ್ಯಾಗಿ ಭಾರತಕ್ಕೆ ಬಂದದ್ದು 1983ರಲ್ಲಿ. ಊಟದ ಬದಲಿಗೆ ತಿನ್ನಿ ಎಂದು ಹೇಳದೆ, ಶಾಲೆಯಿಂದ ಬಂದ ಮಕ್ಕಳ ಸಂಜೆಯ ಹಸಿವಿಗೆ ಎಂದು ಹೇಳಿದ್ದು ಕಂಪನಿಯ ಜಾಣತನ. ಮರುವರ್ಷ ದೂರದರ್ಶನದಲ್ಲಿ ‘ಹಮ್ ಲೋಗ್’ ಧಾರಾವಾಹಿ ಶುರುವಾದಾಗ ಅದರ ಪ್ರಾಯೋಜಕತ್ವ ಮ್ಯಾಗಿಯದೇ. ಹಿಂದಿ ಬಾರದ ನಮ್ಮ ಓಣಿಯ ಮಕ್ಕಳಿಗೂ ‘ದೋ ಮಿನಿಟ್’ ಎಂಬುದು ಬಾಯಿಪಾಠ. ಹುಬ್ಬಳ್ಳಿಯಿಂದ ಮಾವ ತಂದ ಮೊದಲ ಪ್ಯಾಕೆಟ್ ಬೇಯಿಸಿ ಅಜ್ಜಿಯ ಮುಂದಿಟ್ಟೆವು. ಆಕೆ ಒಂದು ಎಳೆ ಎತ್ತಿ ನೋಡಿ, “ಹೊಸಿಯಾಕ ಬರಲಾರದವರು ಮಾಡ್ಯಾರ ನೋಡು, ಎಲ್ಲಾ ಗಂಟಗಂಟ ಆಗೇತಿ” ಎಂದಳು. ತಿಂದದ್ದು ಮಾತ್ರ ಪೂರ್ತಿ ತಿಂದಳು.

ಅದೇ ಹೊತ್ತಿಗೆ ಇನ್ನೊಂದು ಪ್ರಚಾರವೂ ದೇಶದ ಕಿವಿಗೆ ಬಿತ್ತು. ಮೊಟ್ಟೆಯ ಬೆಲೆಯನ್ನು ಸಗಟು ವ್ಯಾಪಾರಿಗಳು ತಮಗೆ ತೋಚಿದಂತೆ ಏರಿಳಿಸುತ್ತಿದ್ದ ಕಾಲ ಅದು. ಕೋಳಿ ಸಾಕುವವರೇ ಸೇರಿ ಬೆಲೆ ನಿಗದಿ ಮಾಡಬೇಕೆಂದು ಬಿ.ವಿ. ರಾವ್ ಅವರ ಮುಂದಾಳತ್ವದಲ್ಲಿ ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿ 1982ರಲ್ಲಿ ಹುಟ್ಟಿತು. ಭಾನುವಾರವಿರಲಿ ಸೋಮವಾರವಿರಲಿ ದಿನಾ ಮೊಟ್ಟೆ ತಿನ್ನಿ ಎಂಬ ಅದರ ಜಾಹೀರಾತು ಯಾರಿಗೆ ನೆನಪಿಲ್ಲ? ನೂಡಲ್ಸೂ ಮೊಟ್ಟೆಯೂ ಒಂದೇ ಟಿವಿಯಲ್ಲಿ, ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ನಮ್ಮ ನಡುಮನೆಗೆ ಬಂದವು. ಅಡುಗೆಮನೆಯ ಒಳಗೆ ಹೋದದ್ದು ಮಾತ್ರ ನೂಡಲ್ಸ್ ಒಂದೇ. ಹಸಿರು ಚುಕ್ಕೆಯ ಮಸಾಲೆಗೆ ಯಾವ ಮನೆಯಲ್ಲೂ ತಡೆಯಿಲ್ಲ. ಮೊಟ್ಟೆಗೆ ಬೇರೆ ಪಾತ್ರೆ, ಬೇರೆ ಚಮಚ, ಹಿತ್ತಿಲಲ್ಲಿ ಬೇರೆ ಒಲೆ. ನಮ್ಮಂಥ ಮನೆಗಳಲ್ಲಿ ಅದೂ ಇಲ್ಲ.

ನಾನು ಮೊಟ್ಟೆ ಒಡೆಯಲು ಕಲಿತದ್ದು ಮೈಸೂರಿನ ಕಾಲೇಜಿಗೆ ಕೆಲಸಕ್ಕೆ ಬಂದ ಮೇಲೆ. ಮಹಡಿಯ ಮೇಲಿನ ಬಾಡಿಗೆ ಕೋಣೆ. ಮನೆಯೊಡತಿ ಬೀಗದ ಕೈ ಕೊಡುವ ಮೊದಲೇ, “ಮೊಟ್ಟೆ ಗಿಟ್ಟೆ ಏನೂ ಮಾಡಲ್ಲ ತಾನೆ?” ಎಂದು ಕೇಳಿದ್ದರು. ಇಲ್ಲ ಎಂದಿದ್ದೆ, ಆಗ ಅದು ನಿಜವೂ ಆಗಿತ್ತು. ಕೋಣೆಯ ಇನ್ನರ್ಧ ಬಾಡಿಗೆ ಕಟ್ಟುತ್ತಿದ್ದವಳು ಕೊಡಗಿನ ಹುಡುಗಿ. ನಾನು ನೂಡಲ್ಸ್ ಬೇಯಿಸಿ ಬರೀ ಹಾಗೇ ತಿನ್ನುವುದನ್ನು ಕಂಡು ಅವಳಿಗೆ ಮರುಕ. “ಅಕ್ಕಾ, ನಮ್ಮಲ್ಲಿ ನೂಪುಟ್ಟು ಕೋಳಿಕರಿ ಇಲ್ದೆ ಗಂಟಲಲ್ಲಿ ಇಳಿಯೋದೇ ಇಲ್ಲ, ನೀವು ಹ್ಯಾಗೆ ತಿಂತೀರೋ” ಎಂದು ಕುದಿಯುವ ಪಾತ್ರೆಗೆ ಎರಡು ಮೊಟ್ಟೆ ಒಡೆದೇಬಿಟ್ಟಳು. ಸಿಪ್ಪೆಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟು ಕಾಲೇಜಿನ ಕಸದ ಬುಟ್ಟಿಗೆ ಹಾಕುವುದು ನನ್ನ ಪಾಳಿ. ಎಳೆಯ ಜೊತೆ ಕೋಳಿಯೋ ಮೊಟ್ಟೆಯೋ ಇರಬೇಕೆಂಬುದು ಅವಳು ಕಂಡುಹಿಡಿದದ್ದಲ್ಲ. ಕೊಡಗಿನಲ್ಲಿ ನೂಪುಟ್ಟು ಎಂಬ ಅಕ್ಕಿ ಶಾವಿಗೆಗೆ ಕೋಳಿಕರಿ, ಗಡಿ ದಾಟಿ ಕೇರಳಕ್ಕೆ ಇಳಿದರೆ ಇಡಿಯಪ್ಪಕ್ಕೆ ಮೊಟ್ಟೆಕರಿ, ಅದೂ ಬೆಳಗಿನ ತಿಂಡಿಗೇ. ಎಳೆ ಎಂದರೆ ಸಿಹಿ, ಹಾಲು, ತುಪ್ಪ ಎಂದುಕೊಂಡಿದ್ದವರು ನಾವು ಬಯಲುಸೀಮೆಯ ಕೆಲವು ಮನೆಗಳವರು ಮಾತ್ರ. ಅದನ್ನೇ ಇಡೀ ನಾಡಿನ ಸಂಪ್ರದಾಯ ಎಂದು ಹೇಳುತ್ತ ಬಂದೆವು.

2015ರಲ್ಲಿ ಈ ಪ್ಯಾಕೆಟ್ಟಿಗೆ ಗ್ರಹಣ ಹಿಡಿಯಿತು. ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ ತೆಗೆದ ಮಾದರಿಯಲ್ಲಿ ಸೀಸ 17.2 ಪಿಪಿಎಂ ಇದೆ ಎಂದು ಕೋಲ್ಕತ್ತದ ಪ್ರಯೋಗಾಲಯ ಹೇಳಿತು. ಇರಬಹುದಾದ ಮಿತಿ 2.5. ಜೂನ್ 5ರಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಮಾರಾಟ ನಿಲ್ಲಿಸಿತು. ಸಾವಿರಾರು ಟನ್ ನೂಡಲ್ಸ್ ಸಿಮೆಂಟ್ ಕಾರ್ಖಾನೆಗಳ ಕುಲುಮೆಗೆ ಹೋಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿ ಹೊಸದಾಗಿ ಪರೀಕ್ಷೆ ಮಾಡಿಸಿ ಎಂದಿತು. ಮಾದರಿಗಳು ಪಾಸಾದವು. ಅಕ್ಟೋಬರ್‌ನಲ್ಲಿ ಮೊದಲು ತಯಾರಿಕೆ ಶುರುಮಾಡಿದ ಮೂರು ಕಾರ್ಖಾನೆಗಳಲ್ಲಿ ನಂಜನಗೂಡಿನದೂ ಒಂದು, ನವೆಂಬರ್ 9ಕ್ಕೆ ಪ್ಯಾಕೆಟ್ ಮತ್ತೆ ಅಂಗಡಿಗೆ ಬಂತು. ಮುಂದೆ ಸುಪ್ರೀಂ ಕೋರ್ಟ್ ಮಾದರಿಗಳನ್ನು ಪರೀಕ್ಷೆಗೆ ಕಳಿಸಿದ್ದು ನಮ್ಮ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ, ಅದಿರುವ ಚೆಲುವಾಂಬ ಮಹಲಿಗೆ. ಸೀಸ ಮಿತಿಯೊಳಗೇ ಇದೆ ಎಂದು ಅಲ್ಲಿಂದಲೂ ವರದಿ ಬಂತು. ಆ ವರ್ಷವೆಲ್ಲ ಕಣ್ಣಿಗೆ ಕಾಣದ ಸೀಸದ ಬಗ್ಗೆ ಜಗಳವಾಡಿದೆವು. ಪ್ಯಾಕೆಟ್ಟಿನ ಹಿಂದೆ ಅಚ್ಚಾಗಿದ್ದ ಸೋಡಿಯಂ ಅಂಕಿಯನ್ನು ಓದಿದವರು ಎಷ್ಟು ಜನ? ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ದೊಡ್ಡ ಪಾಲು ಆ ಒಂದು ಪುಡಿಕೆಯಲ್ಲೇ ಮುಗಿದುಹೋಗುತ್ತದೆ.

ಹಾಗಾಗಿ ನಾನು ಮಾಡುವ ರೀತಿ ಹೀಗೆ. ಪ್ಯಾಕೆಟ್ ಹೇಳಿದ್ದಕ್ಕಿಂತ ತುಸು ಹೆಚ್ಚು ನೀರು. ಹೆಚ್ಚಿದ ಈರುಳ್ಳಿ, ಒಂದು ಹಸಿಮೆಣಸಿನಕಾಯಿ ನೀರಿನಲ್ಲೇ ಕುದಿಯಲಿ. ಬಿಲ್ಲೆಯನ್ನು ಮುರಿಯದೆ ಹಾಕಿ. ಮಸಾಲೆ ಅರ್ಧ ಪುಡಿಕೆ ಸಾಕು, ಉಳಿದರ್ಧ ಸಂಜೆ ಪಲ್ಯಕ್ಕಾಯಿತು. ಮೊಟ್ಟೆಯನ್ನು ನೇರ ಪಾತ್ರೆಗೆ ಒಡೆಯಬೇಡಿ, ಮೊದಲು ಬಟ್ಟಲಿಗೆ ಒಡೆದು ವಾಸನೆ ನೋಡಿ. ಎಳೆಗಳನ್ನು ಚಮಚದಿಂದ ಬದಿಗೆ ಸರಿಸಿ ನಡುವೆ ಗುಳಿ ಮಾಡಿ ಅಲ್ಲಿಗೆ ಇಳಿಸಿ, ಉರಿ ತಗ್ಗಿಸಿ ಮುಚ್ಚಿಡಿ. ಕಲಕುವ ಕೈಯನ್ನು ಸ್ವಲ್ಪ ಹೊತ್ತು ಕಟ್ಟಿಹಾಕಬೇಕು, ಇಲ್ಲದಿದ್ದರೆ ಬಿಳಿಯೆಲ್ಲ ಒಡೆದು ಗಂಜಿಯಾಗುತ್ತದೆ. ಬಿಳಿ ಗಟ್ಟಿಯಾಗಿ ಹಳದಿ ನಿಮಗೆ ಬೇಕಾದಷ್ಟು ಬೆಂದಾಗ ಕಾಳುಮೆಣಸು ಉದುರಿಸಿ ಇಳಿಸಿ. ಈರುಳ್ಳಿ ಟೊಮೆಟೊ ಹಾಕಿ ಬುರ್ಜಿ ಮಾಡಿ ಅದಕ್ಕೆ ನೂಡಲ್ಸ್ ಕಲೆಸುವವರೂ ಇದ್ದಾರೆ, ನನ್ನ ಮಗ ಆ ಪಂಗಡದವನು. ಎಣ್ಣೆ ಹೆಚ್ಚು, ಸಾರು ಇಲ್ಲ, ಅದು ಬೆಳಗಿನ ಹೊಟ್ಟೆಗಲ್ಲ ಎಂಬುದು ನನ್ನ ತೀರ್ಪು. ಎರಡು ನಿಮಿಷದಲ್ಲಿ ಇದಾವುದೂ ಆಗುವುದಿಲ್ಲ, ಏಳೆಂಟಾದರೂ ಬೇಕು.

ಇಬ್ಬರಿಗೆ ತಿಂಡಿಯೆಂದು ಎರಡು ಪ್ಯಾಕೆಟ್ ಒಡೆಯುವವರಿಗೆ ಒಂದು ಮಾತು. ಒಂದೇ ಪ್ಯಾಕೆಟ್ ಒಡೆದು, ಇನ್ನೊಂದರ ದುಡ್ಡಿಗೆ ಎರಡು ಮೊಟ್ಟೆ ತನ್ನಿ. ಬೆಲೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.