ಹಳದಿಯಾಗಿರದ ಕಾಲ

ಕುರುಗೋಡಿನ ಬೆಟ್ಟದ ಬುಡದಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಗುಡಿಗಳಿವೆ. ಹೋದ ಚಳಿಗಾಲದಲ್ಲಿ ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಅವುಗಳ ಆಚೆಯ ಬಯಲಿನಲ್ಲಿ ಒಂದು ಹಾಡು ಚಿತ್ರಿಸುತ್ತಿದ್ದರು. ಸಾಹಿತ್ಯ ಅವರದೇ, ರಾಗ ಅವರದೇ. ಕ್ಯಾಮೆರಾ ಮಾತ್ರ ಒಬ್ಬನ ಸೋದರಮಾವನ ಮದುವೆ ಸ್ಟುಡಿಯೋದ್ದು. ‘ರೆಟ್ರೊ ಸ್ಟೈಲು ಸರ್, ಎಪ್ಪತ್ತರ ದಶಕದ್ದು’ ಎಂದು ನನ್ನನ್ನೂ ಕರೆದೊಯ್ದಿದ್ದರು. ಇತಿಹಾಸದ ಮೇಷ್ಟ್ರು ಜೊತೆಗಿದ್ದರೆ ತಪ್ಪು ಹಿಡಿಯುತ್ತಾರೆ ಎಂಬ ಲೆಕ್ಕ. ಮೊಬೈಲ್ ಟವರ್, ಪ್ಲಾಸ್ಟಿಕ್ ಬಾಟಲಿ, ಯಾರದೋ ಕೈಗಡಿಯಾರ ಚೌಕಟ್ಟಿನೊಳಗೆ ಬಂದರೆ ಕೂಗುವುದು ನನ್ನ ಕೆಲಸ. ಬೆಲ್‌ಬಾಟಮ್ಮಿಗೆ ತೊಂದರೆಯಾಗಲಿಲ್ಲ. ಬಳ್ಳಾರಿ ಜೀನ್ಸ್ ಹೊಲಿಯುವ ಊರು, ಅಳತೆ ಕೊಟ್ಟರೆ ಸಂಜೆಯೊಳಗೆ ಸಿಗುತ್ತದೆ.

ಮಾರನೇ ದಿನ ಸಿರುಗುಪ್ಪದಲ್ಲಿ ಭತ್ತದ ಗದ್ದೆಯ ಚಿತ್ರೀಕರಣ ಮುಗಿಸಿ ಒಬ್ಬ ಹುಡುಗನ ಮನೆಯಲ್ಲಿ ಊಟಕ್ಕೆ ಕುಳಿತಿದ್ದೆವು. ಹುಡುಗರು ಲ್ಯಾಪ್‌ಟಾಪಿನಲ್ಲಿ ಹಿಂದಿನ ದಿನದ ದೃಶ್ಯಗಳಿಗೆ ಹಳದಿ ಛಾಯೆ ಹಾಕಿದ್ದರು. ಮೇಲೆ ಗೆರೆ, ಚುಕ್ಕೆ, ಸಣ್ಣ ನಡುಕ. ಅವನ ಅಜ್ಜಿ ಬಗ್ಗಿ ನೋಡಿದರು.

‘ಯಾಕಪ್ಪಾ, ಎಲ್ಲಾ ಅರಿಷಿಣ ಬಳದಂಗ ಮಾಡೀರಿ?’

‘ಅಜ್ಜಿ, ಇದು ನಿಮ್ಮ ಕಾಲದ್ದು.’

‘ನಮ್ಮ ಕಾಲಕ್ಕ ಸೂರ್ಯ ಬ್ಯಾರೆ ಇದ್ದನೇನು? ಟೆಂಟಿನಾಗ ಕಲರ್ ಸಿನಿಮಾ ಬಂದ್ರ ಕೆಂಪು ಅಂದ್ರ ಕೆಂಪು, ಹಸರು ಅಂದ್ರ ಹಸರು. ಕಣ್ಣು ಕುಕ್ಕತಿತ್ತು.’

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ತಪ್ಪು ಹಿಡಿಯಲು ಬಂದವನ ಕಣ್ಣು ತಪ್ಪಿಸಿದ್ದನ್ನು ಅವರು ಹಿಡಿದಿದ್ದರು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ತೆರೆಗೆ ಬಂದದ್ದು 1964ರಲ್ಲಿ. ಅದಾದ ಮೇಲೂ ಹಲವು ವರ್ಷ ಹೆಚ್ಚಿನ ಚಿತ್ರಗಳು ಕಪ್ಪು ಬಿಳುಪಿನವೇ. ಬಣ್ಣಕ್ಕೆ ದುಡ್ಡು ಸುರಿದವರು ಅದನ್ನು ಮಂಕಾಗಿ ತೋರಿಸಲು ಸುರಿದಿರಲಿಲ್ಲ. ಈಸ್ಟ್‌ಮನ್ ಕಲರ್ ಪ್ರಿಂಟಿನಲ್ಲಿ ಮೂರು ವರ್ಣದ್ರವ್ಯಗಳ ಪದರಗಳಿರುತ್ತವೆ. ಡಬ್ಬಿಯೊಳಗೇ ಕಾಲ ಕಳೆದಂತೆ ಅವುಗಳಲ್ಲಿ ನೀಲಿ-ಹಸಿರಿನ ಪದರ ಬೇಗ ಮಾಸುತ್ತದೆ, ಉಳಿದದ್ದು ಕೆಂಪಗೆ ತಿರುಗುತ್ತದೆ. ಹಳೆಯ ಫೋಟೋಗಳು ಹಳದಿಯಾಗುವುದೂ ಹೀಗೇ, ಆಮೇಲೆ. ನಾವು ‘ಆ ಕಾಲ’ ಎಂದು ಬಳಿಯುತ್ತಿದ್ದದ್ದು ಆ ಕಾಲದ ಬಣ್ಣವಲ್ಲ, ಅದು ಕೆಟ್ಟುಹೋದ ಬಗೆ. ಗೆರೆಗಳ ವಿಷಯದಲ್ಲಿ ಮಾತ್ರ ಹುಡುಗರದು ಪೂರ್ತಿ ತಪ್ಪಲ್ಲ. ದೊಡ್ಡ ಊರುಗಳಲ್ಲಿ ಓಡಿ ಸವೆದ ರೀಲು ಟೆಂಟಿಗೆ ಬರುವ ಹೊತ್ತಿಗೆ ಸಾಕಷ್ಟು ಗೀಚಿಸಿಕೊಂಡಿರುತ್ತಿತ್ತು.

ಅಜ್ಜಿ ಅಲ್ಲಿಗೇ ಬಿಡಲಿಲ್ಲ. ಬಳ್ಳಾರಿ ಕೋಟೆಯ ಹತ್ತಿರದ ಗಲ್ಲಿಯಲ್ಲಿ ತೆಗೆಯಬೇಕಿದ್ದ ದೃಶ್ಯಕ್ಕಾಗಿ ಹುಡುಗಿಯೊಬ್ಬಳು ಬರೆದ ಕಿರಾಣಿ ಅಂಗಡಿಯ ಬೋರ್ಡು ಗೋಡೆಗೆ ಒರಗಿತ್ತು. ಚಂದದ ದುಂಡು ಕನ್ನಡ ಅಕ್ಷರ. ‘ತೆಲುಗು ಎಲ್ಲಿ?’ ಎಂದರು.

ಈ ಪ್ರಶ್ನೆಗೆ ಯಾರೂ ನಗಲಿಲ್ಲ. ಬಳ್ಳಾರಿ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅತ್ತ ಹೋದವು, ಉಳಿದವು ಮೈಸೂರಿಗೆ ಸೇರಿದವು. ಬಳ್ಳಾರಿ ತಾಲ್ಲೂಕು ಯಾರದು ಎಂಬ ಜಗಳ ಮಿಶ್ರಾ ಆಯೋಗದವರೆಗೆ ಹೋಗಿ ಬಗೆಹರಿಯಿತು. ವಿಲೀನದ ಹೊತ್ತಿನಲ್ಲಿ ನಡೆದ ದಾಳಿಗೆ ಪೈಲ್ವಾನ್ ರಂಜಾನ್ ಸಾಬ್ ಬಲಿಯಾದರು. ಇವೆಲ್ಲ ನಾನೇ ತರಗತಿಯಲ್ಲಿ ಹೇಳುವ ಸಂಗತಿಗಳು. ಆದರೆ ಗೆರೆ ಎಳೆದ ಮಾತ್ರಕ್ಕೆ ಮಾತು ಬದಲಾಗುವುದಿಲ್ಲ. ಊರಿನ ಹೆಸರನ್ನು ತನ್ನ ಹೆಸರಿಗೆ ಅಂಟಿಸಿಕೊಂಡ ನಟ ಬಳ್ಳಾರಿ ರಾಘವ (1880–1946) ಹೆಸರು ಮಾಡಿದ್ದು ತೆಲುಗು ರಂಗಭೂಮಿಯಲ್ಲಿ. 1939ರ ‘ರೈತು ಬಿಡ್ಡ’ ಚಿತ್ರದಲ್ಲಿ ನಟಿಸಿದ್ದೂ ತೆಲುಗಿನಲ್ಲೇ. ಇವತ್ತು ಅವರ ಹೆಸರಿನ ಕಲಾಮಂದಿರದಲ್ಲಿ ಕನ್ನಡ ನಾಟಕಗಳೂ ಆಡುತ್ತವೆ. ಅದರಲ್ಲಿ ಯಾರಿಗೂ ವಿಚಿತ್ರ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ.

‘ತೆಲುಗು ಬರೆದರೆ ಯೂಟ್ಯೂಬಿನಲ್ಲಿ ಬೈತಾರೆ ಸರ್’ ಎಂದ ಒಬ್ಬ. ಅವನ ಹೆದರಿಕೆ ಸುಳ್ಳಲ್ಲ. ಇನ್ನೊಬ್ಬಳು, ಮನೆಯಲ್ಲಿ ತೆಲುಗು ಆಡುವವಳು, ಕಾಲೇಜಿಗೆ ಬಂದ ಮೂರು ವರ್ಷದಲ್ಲಿ ಅದನ್ನು ಹೇಳಿಕೊಂಡಿರಲಿಲ್ಲವಂತೆ, ಅವತ್ತು ಹೇಳಿದಳು. ಒಂದು ತಾಸು ವಾದವಾಯಿತು. ನಾನು ತೀರ್ಪು ಕೊಡಲಿಲ್ಲ. ಕೊಡಬೇಕಿತ್ತೇನೋ. ಕೊನೆಗೆ ಬೋರ್ಡು ಬರೆದವಳೇ ಕುಂಚ ಅದ್ದಿ, ಕನ್ನಡದ ಕೆಳಗೆ ಸ್ವಲ್ಪ ಸಣ್ಣದಾಗಿ ತೆಲುಗಿನಲ್ಲೂ ಅಂಗಡಿಯ ಹೆಸರು ಬರೆದಳು. ಕಾಗುಣಿತ ತಿದ್ದಿದ್ದು ಆ ಹುಡುಗಿ.

ಬಳ್ಳಾರಿಗೆ ಮರಳಿದ ಮೇಲೆ ಉಳಿದದ್ದು ಸದ್ದಿನ ಕೆಲಸ. ಹಾಡಿನ ಮೊದಲಿಗೆ ಗ್ರಾಮಫೋನಿನ ಚರಚರ ಬೇಕೆಂದು ಮೊದಲೇ ನಿಶ್ಚಯವಾಗಿತ್ತು. ಅದೂ ತಟ್ಟೆಯ ಗಾಯವೇ ತಾನೇ ಎಂದೆ. ಹಾಗಾದರೆ ಹಳೆಯದಾದರೂ ಗಾಯವಾಗದ ಸದ್ದು ಯಾವುದು ಎಂದು ಅವರು ಕೇಳಿದರು. ಊರ ಪಕ್ಕದಲ್ಲೇ ಇದೆ. ಸಂಗನಕಲ್ಲು-ಕಪ್ಪಗಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕಲ್ಲಿನ ಕೊಡಲಿ ಮಾಡುತ್ತಿದ್ದರು, ಕಪ್ಪು ಬಂಡೆಗಳ ಮೇಲೆ ಉದ್ದ ಕೊಂಬಿನ ದನಗಳನ್ನು ಕುಟ್ಟಿ ಮೂಡಿಸಿದ್ದರು. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಾದ ಬರುತ್ತದೆ. ನಿಕೋಲ್ ಬೊಯ್ವಿನ್ ಎಂಬ ಪುರಾತತ್ವಜ್ಞೆ 2004ರಲ್ಲಿ ಈ ಬಗ್ಗೆ ಬರೆದ ಮೇಲೆ ಹೊರದೇಶಗಳಲ್ಲೂ ಸುದ್ದಿಯಾಯಿತು. ಆ ಗುಡ್ಡಕ್ಕೆ ಕಲ್ಲುಗಣಿಯ ಕಾಟವೂ ಇತ್ತು.

ಬೆಳಿಗ್ಗೆ ಆರಕ್ಕೆ ಹತ್ತಿದೆವು. ಚಿತ್ರಗಳಿದ್ದ ಬಂಡೆಗಳನ್ನು ಮುಟ್ಟಕೂಡದೆಂದು ಮೊದಲೇ ಹೇಳಿದ್ದೆ. ಬಿಡಿಯಾಗಿ ಬಿದ್ದಿದ್ದ ಒಂದು ಕಪ್ಪು ಕಲ್ಲಿಗೆ ಹುಡುಗಿ ಬೆಣಚುಕಲ್ಲಿನಿಂದ ಮೆಲ್ಲಗೆ ತಟ್ಟಿದಳು. ಠಣ್ ಎಂದಿತು. ಕೆಳಗೆ ರಸ್ತೆಯಲ್ಲಿ ಲಾರಿಯೊಂದು ಹಾರನ್ ಹೊಡೆದದ್ದೂ ಜೊತೆಗೇ ರೆಕಾರ್ಡ್ ಆಯಿತು. ‘ಇನ್ನೊಂದು ಟೇಕ್’ ಎಂದ ಸದ್ದಿನ ಹುಡುಗ. ಅವಳು ‘ಇರಲಿ ಬಿಡೋ’ ಎಂದಳು. ವಿಡಿಯೋದಲ್ಲಿ ಹಾಡು ಶುರುವಾಗುವುದು ಆ ಎರಡು ಸದ್ದುಗಳಿಂದ.