ಲಕ್ಸ್, ಬೆವರು ಮತ್ತು ಡ್ರೈಯರ್‌ನಲ್ಲಿ ಕರಗಿದ ಒಳಉಡುಪು

ಈ ವಾರ ಥರ್ಮಲ್ ಬಗ್ಗೆ ಮಾತಾಡೋಣ. ಹೌದು, ಚಳಿಗೆ ಒಳಗೆ ಹಾಕ್ಕೊಳ್ಳೋ ಅದೇ ಬಿಗಿ ಬನಿಯನ್ನು, ಉದ್ದ ಪ್ಯಾಂಟು. ಹಿಮಾಲಯ ಟ್ರೆಕ್‌ಗೆ ಹೊರಟವರು, ಓದೋಕೆ ಕೆನಡಾ, ಜರ್ಮನಿ ಅಂತ ಸೂಟ್‌ಕೇಸ್ ತುಂಬಿಸ್ತಿರೋರು ಎಲ್ಲರೂ ಕೇಳೋದು ಒಂದೇ: ಯಾವುದು ತಗೊಳ್ಳಲಿ? ಒಗೆಯೋದು ಹೇಗೆ ಅಂತ ಯಾರೂ ಕೇಳಲ್ಲ. ಆದರೆ ಈ ಬಟ್ಟೆಯ ನೂರೈವತ್ತು ವರ್ಷಗಳ ಕಥೆಯನ್ನು ಮುಂದಕ್ಕೆ ತಳ್ಳಿದ್ದು ಬಹುಮಟ್ಟಿಗೆ ಒಗೆಯೋ ತಾಪತ್ರಯವೇ.

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗುಸ್ತಾವ್ ಯೇಗರ್ ಅಂತ ಒಬ್ಬ ಪ್ರಾಣಿಶಾಸ್ತ್ರದ ಪ್ರೊಫೆಸರ್ ಇದ್ದರು. ಮೈಗೆ ತಾಗೋ ಬಟ್ಟೆ ಉಣ್ಣೆಯದ್ದೇ ಆಗಿರಬೇಕು, ಹತ್ತಿ-ಲಿನನ್‌ನಂಥ ಸಸ್ಯದ ನಾರು ಆರೋಗ್ಯಕ್ಕೆ ಕೆಟ್ಟದ್ದು ಅನ್ನೋದು ಅವರ ವಾದ. ವಿಜ್ಞಾನ ಅರ್ಧಂಬರ್ಧ, ಆತ್ಮವಿಶ್ವಾಸ ಮಾತ್ರ ಪೂರ್ತಿ. ಇದನ್ನು ಓದಿ ಮರುಳಾದ ಲೂಯಿಸ್ ಟೊಮಾಲಿನ್ ಅನ್ನೋ ವ್ಯಾಪಾರಿ 1884ರಲ್ಲಿ ಲಂಡನ್ನಿನಲ್ಲಿ ಯೇಗರ್ ಹೆಸರಲ್ಲೇ ಉಣ್ಣೆ ಉಡುಪಿನ ಕಂಪನಿ ಶುರು ಮಾಡಿದ. ನಾಟಕಕಾರ ಬರ್ನಾರ್ಡ್ ಷಾ ಅದರ ಗಿರಾಕಿ. ದಕ್ಷಿಣ ಧ್ರುವದ ಕಡೆ ಹೊರಟವರೂ ಅದರ ಉಣ್ಣೆ ತೊಟ್ಟರು.

ತೊಂದರೆ ಬಂದಿದ್ದು ಬಾನಿಯಲ್ಲಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಪದರ ಇರುತ್ತೆ. ಬಿಸಿನೀರು, ಕ್ಷಾರ ಜಾಸ್ತಿ ಇರೋ ಸೋಪು, ಮೇಲಿಂದ ಉಜ್ಜಾಟ ಸೇರಿದರೆ ಆ ಪದರಗಳು ಒಂದಕ್ಕೊಂದು ಸಿಕ್ಕಿಹಾಕ್ಕೊಂಡು ಮತ್ತೆ ಬಿಡಿಸಿಕೊಳ್ಳಲ್ಲ. ಅಪ್ಪನ ಅಂಗಿ ಮಗನ ಅಳತೆಗೆ ಇಳಿಯುತ್ತೆ. ಅದಕ್ಕೇ ಇಂಗ್ಲೆಂಡಿನ ಲೀವರ್ ಬ್ರದರ್ಸ್ ಕಂಪನಿ 1899ರಲ್ಲಿ ಸೋಪನ್ನು ತೆಳ್ಳಗೆ ಚಕ್ಕೆ ಮಾಡಿ ಮಾರೋಕೆ ಶುರು ಮಾಡಿತು. ಚಕ್ಕೆ ನೀರಲ್ಲಿ ಕರಗಿಬಿಡುತ್ತೆ, ಸೋಪಿನ ಬಿಲ್ಲೆಯನ್ನು ಬಟ್ಟೆಗೆ ತಿಕ್ಕೋ ಕೆಲಸವೇ ಇಲ್ಲ. ಮರುವರ್ಷ, 1900ರಲ್ಲಿ ಅದಕ್ಕೆ ಹೊಸ ಹೆಸರು ಬಂತು: ಲಕ್ಸ್.

ಹೌದು, ನಮ್ಮ ಬಚ್ಚಲುಮನೆಯ ಅದೇ ಲಕ್ಸ್. ಉಣ್ಣೆ, ರೇಷ್ಮೆ ಒಗೆಯೋಕೆ ಹುಟ್ಟಿದ ಹೆಸರು ಅದು, ಮುಖಕ್ಕೆ ಬಂದಿದ್ದು ಆಮೇಲೆ. ಭಾರತದಲ್ಲಿ ಅದರ ಜಾಹೀರಾತಿಗೆ ಮೊದಲು ಕಾಣಿಸಿಕೊಂಡ ನಮ್ಮ ದೇಶದ ನಟಿ ಲೀಲಾ ಚಿಟ್ನಿಸ್, 1941ರಲ್ಲಿ. ಅವರು ಹುಟ್ಟಿದ್ದು ಧಾರವಾಡದಲ್ಲಿ. ಇದು ಸುಮ್ಮನೆ ಹೇಳಿದ್ದು, ಮುಂದೆ ಹೋಗೋಣ.

ಒಗೆಯೋಕೂ ಆಗದೆ, ಒಣಗಿಸೋಕೂ ಆಗದೆ ಇದ್ದರೆ ಏನಾಗುತ್ತೆ? ಇದಕ್ಕೆ 1911ರ ಅಂಟಾರ್ಕ್ಟಿಕಾಕ್ಕೆ ಹೋಗಬೇಕು. ಸ್ಕಾಟ್‌ನ ತಂಡದ ವಿಲ್ಸನ್, ಬೋವರ್ಸ್, ಚೆರ್ರಿ-ಗಾರಾರ್ಡ್ ಅನ್ನೋ ಮೂವರು, ಸೂರ್ಯನೇ ಹುಟ್ಟದ ಚಳಿಗಾಲದಲ್ಲಿ, ಎಂಪರರ್ ಪೆಂಗ್ವಿನ್ನಿನ ಮೊಟ್ಟೆ ತರೋಕೆ ಕೇಪ್ ಕ್ರೋಜಿಯರ್‌ಗೆ ಹೊರಟರು. ಐದು ವಾರದ ಪ್ರಯಾಣ. ಉಷ್ಣಾಂಶ ಒಮ್ಮೆ ಮೈನಸ್ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಜಾರುಬಂಡಿ ಎಳೆಯುವಾಗ ಬಂದ ಬೆವರು ಹೊರಗೆ ಹೋಗದೆ ಬಟ್ಟೆಯಲ್ಲೇ ಹೆಪ್ಪುಗಟ್ಟಿತು. ಒಂದು ದಿನ ಚೆರ್ರಿ-ಗಾರಾರ್ಡ್ ಟೆಂಟಿನಿಂದ ಹೊರಬಂದು ತಲೆ ಎತ್ತಿ ಸುತ್ತ ನೋಡಿದ್ದಷ್ಟೇ, ಬಟ್ಟೆ ಹಾಗೇ ಗಟ್ಟಿಯಾಯ್ತು. ತಲೆ ಇಳಿಸೋಕೇ ಆಗಲಿಲ್ಲ. ನಾಲ್ಕು ಗಂಟೆ ಹಾಗೇ ಕತ್ತೆತ್ತಿಕೊಂಡು ಬಂಡಿ ಎಳೆದ. ಹೊರಡುವಾಗ ಅವನ ಮಲಗೋ ಚೀಲದ ತೂಕ 18 ಪೌಂಡ್, ವಾಪಸ್ ಬಂದಾಗ 45. ಹೆಚ್ಚಿದ್ದಷ್ಟೂ ಮಂಜುಗಡ್ಡೆ, ಅಂದ್ರೆ ಹೆಚ್ಚಿನಂಶ ಅವನದೇ ಬೆವರು, ಅವನದೇ ಉಸಿರು.

ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತೆ. ಚಳಿಯಲ್ಲಿ ಒದ್ದೆ ಬಟ್ಟೆ ಅಂದ್ರೆ ಜೀವಕ್ಕೇ ಸಂಚಕಾರ. ಹಾಗಾಗಿ ಎಲ್ಲರೂ ಹುಡುಕ್ತಿದ್ದಿದ್ದು ನೀರನ್ನು ಹೀರದ ನಾರು.

ಅದು ಸಿಕ್ಕಿದ್ದು ಪಾಲಿಪ್ರೊಪಿಲೀನ್‌ನಲ್ಲಿ. ಹಡಗಿನ ಹಗ್ಗಕ್ಕೆ ಬಳಸ್ತಿದ್ದ ಪ್ಲಾಸ್ಟಿಕ್ ಅದು. 1970ರ ದಶಕದಲ್ಲಿ ನಾರ್ವೆಯ ಹೆಲಿ ಹ್ಯಾನ್ಸನ್ ಅದರಲ್ಲಿ ಒಳಉಡುಪು ಮಾಡಿತು. 1980ರಲ್ಲಿ ಅಮೆರಿಕದ ಪಟಗೋನಿಯಾ ಕೂಡ. ಬೆವರು ಬಟ್ಟೆಯಲ್ಲಿ ನಿಲ್ಲಲ್ಲ, ಹೊರಗೆ ಹೋಗುತ್ತೆ. ಬೆಟ್ಟ ಹತ್ತೋರಿಗೆ ಹಬ್ಬ. ಆದರೆ ಪಾಲಿಪ್ರೊಪಿಲೀನ್ ಸುಮಾರು 160 ಡಿಗ್ರಿಗೇ ಕರಗುತ್ತೆ, ಅದಕ್ಕೂ ಮೊದಲೇ ಮೆತ್ತಗಾಗುತ್ತೆ. ಮನೆಯ ಡ್ರೈಯರ್‌ನಲ್ಲಿ ಹೇಗೋ ಬಚಾವ್. ಲಾಂಡ್ರಿ ಅಂಗಡಿಯ ಡ್ರೈಯರ್‌ಗಳು ಅದಕ್ಕಿಂತ ತುಂಬಾ ಬಿಸಿ. ಗಿರಾಕಿಗಳ ದುಬಾರಿ ಚಡ್ಡಿ ಅಲ್ಲೇ ಕರಗಿಹೋಯ್ತು! ಸಾಲದ್ದಕ್ಕೆ ಈ ನಾರು ನೀರನ್ನು ದೂರ ತಳ್ಳುತ್ತೆ, ಮೈಯ ಜಿಡ್ಡನ್ನು ಮಾತ್ರ ಬಿಡಲ್ಲ. ಎಷ್ಟು ಒಗೆದರೂ ವಾಸನೆ ಹೋಗಲ್ಲ.

ಬಿಕಾಂ ಓದಿದ ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇಲ್ಲಿಂದ ಶುರು. 1984ರಲ್ಲಿ ಪಟಗೋನಿಯಾದ ಮಾಲೀಕ ಯ್ವಾನ್ ಷುನಾರ್ಡ್ ಷಿಕಾಗೋದ ಕ್ರೀಡಾ ಸಾಮಗ್ರಿ ಮೇಳದಲ್ಲಿ, ಫುಟ್‌ಬಾಲ್ ಜರ್ಸಿಯಿಂದ ಕಲೆ ತೆಗೆದು ತೋರಿಸೋದನ್ನು ನೋಡಿದ. ಮಿಲಿಕನ್ ಕಂಪನಿಯ ಪಾಲಿಯೆಸ್ಟರ್ ಅದು. ಎಳೆಯ ಮೇಲ್ಮೈಯನ್ನೇ ಬದಲಾಯಿಸಿದ್ದರಿಂದ ಕೊಳೆ ಸುಲಭವಾಗಿ ಬಿಡ್ತಿತ್ತು, ಬೆವರೂ ಹರಡಿ ಬೇಗ ಆರ್ತಿತ್ತು. ಕರಗೋದು 250 ಡಿಗ್ರಿಯ ಆಸುಪಾಸಲ್ಲಿ. ಇದಕ್ಕೆ ‘ಕ್ಯಾಪಿಲೀನ್’ ಅಂತ ಹೆಸರಿಟ್ಟು, 1985ರಲ್ಲಿ ಒಂದೇ ಸೀಸನ್ನಿನಲ್ಲಿ ಪಾಲಿಪ್ರೊಪಿಲೀನ್ ಒಳಉಡುಪನ್ನೆಲ್ಲ ನಿಲ್ಲಿಸಿಬಿಟ್ಟ. ಜೊತೆಗೇ ಬಂಟಿಂಗ್ ಅನ್ನೋ ಹಳೇ ಜಾಕೆಟ್ ಬಟ್ಟೆಯನ್ನೂ ಬದಲಾಯಿಸಿದ. ಈ ಎರಡೂ ಸೇರಿ ಕಂಪನಿಯ ಮಾರಾಟದ ಶೇ. 70 ಅಂತ ಅವನೇ ಬರೆದುಕೊಂಡಿದ್ದಾನೆ. ಹಳೆಯದನ್ನು ಮಾರ್ತಾ, ಹೊಸದನ್ನು ಸ್ವಲ್ಪ ಸ್ವಲ್ಪ ತರೋದು ಯಾವ ಅಕೌಂಟೆಂಟ್ ಕೊಟ್ಟರೂ ಕೊಡಬಹುದಾದ ಸಲಹೆ. ಅವನು ಹಾಗೆ ಮಾಡಲಿಲ್ಲ. ಗಿರಾಕಿಗಳು ಅವನ ಕೈ ಬಿಡಲಿಲ್ಲ.

ಬಟ್ಟೆಯ ಲೇಬಲ್‌ನಲ್ಲಿ ಬಾನಿ, ಇಸ್ತ್ರಿ, ಚೌಕದೊಳಗೆ ವೃತ್ತ ಅಂತ ಚಿತ್ರಗಳಿರುತ್ತಲ್ಲ? ಆ ಚಿಹ್ನೆಗಳನ್ನು ನೋಡಿಕೊಳ್ಳೋ ಗಿನೆಟೆಕ್ಸ್ ಸಂಸ್ಥೆ ಪ್ಯಾರಿಸ್ಸಿನಲ್ಲಿ ಶುರುವಾಗಿದ್ದು 1963ರಲ್ಲಿ. ಹೊಸ ಹೊಸ ನಾರು ಬಂದು, ಯಾವುದನ್ನು ಹೇಗೆ ಒಗೀಬೇಕು ಅಂತ ಗೊತ್ತಾಗದ ಕಾಲ ಅದು. ಚೌಕ-ವೃತ್ತದ ಮೇಲೆ ಕಾಟು ಹೊಡೆದಿದ್ದರೆ ಡ್ರೈಯರ್ ಬೇಡ ಅಂತ. ಹಾಸ್ಟೆಲ್ ಲಾಂಡ್ರಿಗೆ ಹೋಗೋರು ಇದೊಂದನ್ನಾದರೂ ನೋಡಿಕೊಳ್ಳಿ.

ಪಾಲಿಯೆಸ್ಟರ್ ಗೆದ್ದಿತು, ನಿಜ. ಅದರ ಲೆಕ್ಕ ಬಂದಿದ್ದು 2011ರಲ್ಲಿ. ಮಾರ್ಕ್ ಬ್ರೌನ್ ಮತ್ತು ಜೊತೆಗಾರರ ಅಧ್ಯಯನದ ಪ್ರಕಾರ ಒಂದೇ ಒಂದು ಬಟ್ಟೆ ಒಂದು ವಾಷ್‌ನಲ್ಲಿ 1900ಕ್ಕೂ ಹೆಚ್ಚು ಪ್ಲಾಸ್ಟಿಕ್ ಎಳೆ ಉದುರಿಸಬಲ್ಲದು. ಚರಂಡಿಯಿಂದ ಸಮುದ್ರಕ್ಕೆ. ಇತ್ತ ಉಣ್ಣೆಯ ಹುರುಪೆಯನ್ನು ಸವೆಸಿ ಮೇಲೆ ತೆಳ್ಳಗೆ ರಾಳ ಲೇಪಿಸಿದ, ಮಷೀನಿಗೆ ಹಾಕಬಹುದಾದ ಮೆರಿನೊ ಥರ್ಮಲ್ ಮಾರುಕಟ್ಟೆಗೆ ವಾಪಸ್ ಬಂದಿದೆ. ಯೇಗರ್ ಇದ್ದಿದ್ದರೆ ಮೀಸೆ ತಿರುವುತ್ತಿದ್ದರೇನೋ.

ಈಗ ನಿಮ್ಮ ಹತ್ತಿರ ಇರೋದಕ್ಕೆ ಏನು ಮಾಡೋದು? ತಣ್ಣೀರು ಅಥವಾ 30 ಡಿಗ್ರಿ, ಒಳಗಿನದು ಹೊರಗೆ ಮಾಡಿ. ಕಂಫರ್ಟ್ ಥರದ ಸಾಫ್ಟನರ್ ಹಾಕಲೇಬೇಡಿ, ಅದು ಎಳೆಗೆ ಜಿಡ್ಡಿನ ಪದರ ಕೂರಿಸುತ್ತೆ, ಆಮೇಲೆ ಬೆವರು ಹರಡಲ್ಲ. ಉಣ್ಣೆಯಾದರೆ ಹಿಂಡಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ, ಮಟ್ಟಸವಾಗಿ ಹರಡಿ ಒಣಗಿಸಿ. ರೂಮ್ ಹೀಟರ್ ಮೇಲೆ ಯಾವುದನ್ನೂ ಹಾಕಬೇಡಿ. ಇನ್ನು ಟ್ರೆಕ್‌ನಲ್ಲಿ ರಾತ್ರಿಗೆ ಅಂತ ಒಂದು ಒಣ ಜೊತೆ ಪ್ಲಾಸ್ಟಿಕ್ ಕವರ್‌ನಲ್ಲಿ ಬೇರೆ ಇಟ್ಟಿರಿ. ಹಗಲು ಬೆವರಿದ್ದನ್ನು ಹಾಕ್ಕೊಂಡು ಮಲಗಬೇಡಿ.