ಗೋಡೆ ಯಾರದು, ವಿಮೆ ಯಾರದು?

ನಮ್ಮ ತೊಂಡೇಬಾವಿ ಕಡೆ ಟ್ರ್ಯಾಕ್ಟರಿಗೆ ಇನ್ಶೂರೆನ್ಸ್ ಇರತ್ತೆ, ಸೀಮೆಹಸುವಿಗೂ ಇರತ್ತೆ. ಮನೆಗೆ ಮಾಡಿಸಿ ಅಂದ್ರೆ ಜನ ನಗ್ತಾರೆ. ಗೋಡೆ ನಮ್ಮದು, ಜಾಗ ನಮ್ಮದು, ಬಿದ್ದರೆ ನಾಲ್ಕು ಜನ ಸೇರಿ ಎಬ್ಬಿಸಿದರಾಯ್ತು ಅನ್ನೋ ಧೈರ್ಯ. ಅದೇ ಧೈರ್ಯದಲ್ಲಿ ನಮ್ಮ ಕಡೆಯವರು ಯಲಹಂಕದ ಆಸುಪಾಸಿನಲ್ಲಿ ಫ್ಲ್ಯಾಟು ತಗೊಳ್ತಿದ್ದಾರೆ. ಅಲ್ಲಿ ಜಾಗವೂ ಒಬ್ಬರದಲ್ಲ, ಗೋಡೆಯೂ ಒಬ್ಬರದಲ್ಲ. ಹಾಗಾದ್ರೆ ನಷ್ಟ ಯಾರದು? ಇದಕ್ಕೆ ಐವತ್ತು ವರ್ಷದ ಹಿಂದೆಯೇ ಉತ್ತರ ಬರೆದಿಟ್ಟಿದ್ದಾರೆ. ಓದಿದವರು ಕಡಿಮೆ.

ವಿಮೆ ನಮ್ಮ ನಾಡಿಗೆ ಹೊಸದೇನಲ್ಲ. ಮೈಸೂರು ಸಂಸ್ಥಾನ 1891ರಲ್ಲೇ ತನ್ನ ನೌಕರರಿಗೆ ಜೀವವಿಮೆ ಶುರು ಮಾಡಿತು. ಇವತ್ತಿನ ಕೆಜಿಐಡಿ ಅದರದೇ ಮುಂದುವರಿಕೆ. ಅದೇ ಸಂಸ್ಥಾನದ ಜೆ.ಎಸ್. ಚಕ್ರವರ್ತಿ 1920ರಲ್ಲಿ ಬೇಸಾಯದ ವಿಮೆ ಬಗ್ಗೆ ಒಂದು ಪುಸ್ತಕ ತಂದರು. ಮಳೆ ಕೈಕೊಟ್ಟರೆ ಒಬ್ಬನ ಹೊಲ ಮಾತ್ರ ಒಣಗಲ್ಲ, ಇಡೀ ಸೀಮೆ ಒಣಗತ್ತೆ. ಆದ್ದರಿಂದ ಹೊಲ ಹೊಲ ನೋಡೋ ಬದಲು ಆ ಸೀಮೆಯ ಮಳೆಯನ್ನೇ ಅಳೆದು ಪರಿಹಾರ ಕೊಡಿ ಅನ್ನೋದು ಅವರ ಲೆಕ್ಕ. ಬಯಲುಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ನಷ್ಟ ಒಟ್ಟಿಗೇ ಬರೋದಾದರೆ ವಿಮೆಯೂ ಒಟ್ಟಿಗೇ ಇರಬೇಕು.

ಇದೇ ಥರದ ಲೆಕ್ಕ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ, 1972ರಲ್ಲೂ ಕಾಣತ್ತೆ. ಈ ಕಾಯ್ದೆ ಪ್ರಕಾರ ಫ್ಲ್ಯಾಟು ನಿಮ್ಮದು. ಜಾಗ, ಅಡಿಪಾಯ, ಮುಖ್ಯ ಗೋಡೆ, ಛಾವಣಿ, ಲಿಫ್ಟು ಎಲ್ಲರದು, ಅದರಲ್ಲಿ ನಿಮಗೊಂದು ಪಾಲು. ಬೈಲಾದಲ್ಲಿ ಇದ್ದರೆ, ಅಥವಾ ಹೆಚ್ಚಿನ ಮಾಲೀಕರು ಕೇಳಿದರೆ, ಅಥವಾ ಸಾಲ ಕೊಟ್ಟವರು ಕೇಳಿದರೆ, ಆಡಳಿತ ಮಂಡಳಿ ಇಡೀ ಕಟ್ಟಡಕ್ಕೆ ವಿಮೆ ಮಾಡಿಸಲೇಬೇಕು. ಪ್ರೀಮಿಯಂ ಎಲ್ಲರ ಖರ್ಚು. ಇದರ ಮೇಲೆ ನಿಮ್ಮ ಫ್ಲ್ಯಾಟಿಗೆ ನೀವು ಬೇರೆ ಪಾಲಿಸಿ ಮಾಡಿಸಬಹುದು.

ಇನ್ನೂ ಒಂದು ಮಾತಿದೆ. ಕಟ್ಟಡ ಹಾಳಾಗಿ 60 ದಿನದೊಳಗೆ ಮತ್ತೆ ಕಟ್ಟೋ ತೀರ್ಮಾನ ಆಗದಿದ್ದರೆ, ಆಸ್ತಿ ಎಲ್ಲರ ಜಂಟಿ ಆಸ್ತಿ ಆಗತ್ತೆ. ಆಮೇಲೆ ಯಾರಾದರೂ ಒಬ್ಬರು ಪಾಲು ಕೇಳಿ ಕೋರ್ಟಿಗೆ ಹೋಗಬಹುದು. ಆಗ ಮಾರಿ ಬಂದ ದುಡ್ಡೂ ವಿಮೆ ದುಡ್ಡೂ ಒಂದೇ ಗಂಟಾಗಿ ಪಾಲಿನ ಪ್ರಕಾರ ಹಂಚಿಕೆ. ವಿಮೆಯೇ ಇಲ್ಲದಿದ್ದರೆ ಗಂಟಲ್ಲಿ ಉಳಿಯೋದು ಜಾಗದ ದುಡ್ಡು ಮಾತ್ರ.

ತೊಡಕು ಇರೋದು ‘ಕೇಳಿದರೆ’ ಅನ್ನೋ ಪದದಲ್ಲಿ. ಕೇಳೋರೇ ಇಲ್ಲ. ಬೆಂಗಳೂರಿನ ಎಷ್ಟೋ ಅಸೋಸಿಯೇಶನ್ನುಗಳು ನೋಂದಣಿ ಆಗಿರೋದು 1960ರ ಸಂಘಗಳ ಕಾಯ್ದೆಯಡಿ. ಅಲ್ಲಿ ಬೈಲಾ ತೆಗೆದು ನೋಡದೆ ಏನೂ ಹೇಳಕ್ಕಾಗಲ್ಲ. ‘ಬ್ಯಾಂಕಿನೋರು ಲೋನ್ ಜೊತೆ ಮಾಡಿಸಿದ್ರಲ್ಲ’ ಅಂತಾರೆ ಕೆಲವರು. ಅದು ಬಹಳ ಸಲ ಸಾಲ ತಗೊಂಡವರ ಜೀವದ ಮೇಲಿನ ಪಾಲಿಸಿ. ಮನೆಗೆ ಬೆಂಕಿ ಬಿದ್ದರೆ ಅದರಿಂದ ಒಂದು ರೂಪಾಯಿ ಬರಲ್ಲ.

ಪಾಲಿಸಿಗಳ ಭಾಷೆ ಸ್ವಲ್ಪ ಸಲೀಸಾಗಿದ್ದು 2021ರ ಏಪ್ರಿಲ್ 1ರಿಂದ. ವಿಮಾ ನಿಯಂತ್ರಣ ಪ್ರಾಧಿಕಾರ ‘ಭಾರತ್ ಗೃಹ ರಕ್ಷಾ’ ಅಂತ ಒಂದೇ ಮಾದರಿಯ ಪಾಲಿಸಿ ತಂದಿತು. ಬೆಂಕಿ, ಭೂಕಂಪ, ಪ್ರವಾಹ, ಗಲಭೆ ಎಲ್ಲ ಅದರಲ್ಲಿ ಸೇರಿವೆ. ಮೊತ್ತದ ಲೆಕ್ಕ ಇಷ್ಟೇ: ಕಾರ್ಪೆಟ್ ಏರಿಯಾ ಗುಣಿಸು ಕಟ್ಟೋ ಖರ್ಚು. 80 ಲಕ್ಷದ ಫ್ಲ್ಯಾಟು, 1000 ಚದರಡಿ, ಅಡಿಗೆ 2500 ಅಂತಿಟ್ಟುಕೊಳ್ಳಿ. ವಿಮೆ 25 ಲಕ್ಷಕ್ಕೆ. ಇದೇನು ಮೋಸ ಅನ್ನಿಸಬಹುದು. ಸಿಮೆಂಟು ಕಾರ್ಖಾನೆ ಇರೋ ನಮ್ಮೂರಿನೋರಿಗೆ ಗೊತ್ತು: ಬಿದ್ದ ಮನೆ ಎಬ್ಬಿಸೋಕೆ ಬೇಕಾಗೋದು ಸಿಮೆಂಟು, ಕಬ್ಬಿಣ, ಕೂಲಿ. ಜಾಗ ಎಲ್ಲೂ ಹೋಗಲ್ಲ. ಕಟ್ಟಡದ ಜೊತೆ ಮನೆ ಸಾಮಾನಿಗೆ ಆ ಮೊತ್ತದ ಶೇ. 20, ಹೆಚ್ಚೆಂದರೆ 10 ಲಕ್ಷ ತಾನಾಗೇ ಸಿಗತ್ತೆ. ಒಡವೆಗೆ ಬೇರೆಯಾಗಿ ಕೇಳಬೇಕು.

ಆದರೂ ನಿಮ್ಮೊಬ್ಬರ ಪಾಲಿಸಿ ಸಾಲದು. 2022ರ ಸೆಪ್ಟೆಂಬರ್ ಮಳೆಗೆ ಮಹದೇವಪುರ ಕಡೆ ಎಷ್ಟೋ ಬೇಸ್‌ಮೆಂಟುಗಳು ಕೆರೆಯಾದವು. ಇಂಥ ಹೊತ್ತಲ್ಲಿ ಐದನೇ ಮಹಡಿಯವರ ಮನೆಗೆ ಒಂದು ಹನಿ ನೀರು ಬರದಿದ್ದರೂ ಪಂಪು, ಜನರೇಟರು, ಲಿಫ್ಟಿನ ನಷ್ಟದಲ್ಲಿ ಅವರ ಪಾಲು ಇದ್ದೇ ಇರತ್ತೆ. ಅದನ್ನ ತುಂಬಬೇಕಾದ್ದು ಅಸೋಸಿಯೇಶನ್ ಪಾಲಿಸಿ. ಅಲ್ಲೇ ಮುಳುಗಿದ ಕಾರಿಗೆ ಕಾರಿನದೇ ಇನ್ಶೂರೆನ್ಸ್.

ಮುಂದಿನ ವಾರ್ಷಿಕ ಸಭೆಯಲ್ಲಿ ಪಾರ್ಕಿಂಗ್ ಜಗಳ ಶುರುವಾಗೋ ಮುಂಚೆ ಎದ್ದು ನಿಂತು ಮೂರೇ ಮಾತು ಕೇಳಿ: ಕಟ್ಟಡಕ್ಕೆ ಪಾಲಿಸಿ ಇದೆಯಾ, ಎಷ್ಟು ಮೊತ್ತಕ್ಕೆ, ಯಾವತ್ತು ಮುಗಿಯತ್ತೆ?